ಕಾಳುಕಾಳು ಸೀಲಿಂಗ್ ಕೆರೆಯುವ ಮೊದಲು: ಯಾವ ಲಕ್ಷಣಕ್ಕೆ ಏನರ್ಥ, ಎಲ್ಲಿ ಕೈ ನಿಲ್ಲಿಸಬೇಕು

ಉಡುಪಿಯಲ್ಲಿರುವ ನಮ್ಮ ಮನೆ 1980ರ ದಶಕದ್ದು. ಚಾವಡಿಯ ಸೀಲಿಂಗಿಗೆ ನುಣುಪು ಸಾರಣೆ ಬೇಡ, ಕಾಳುಕಾಳಾಗಿ ಬಿಟ್ಟರೆ ಚಂದ ಎಂದು ಆಗ ಯಾರೋ ಮಾವನವರಿಗೆ ಹೇಳಿದ್ದರಂತೆ. ಅದರ ಮೇಲೆ ಸುಣ್ಣ, ಸುಣ್ಣದ ಮೇಲೆ ಡಿಸ್ಟೆಂಪರ್, ಅದರ ಮೇಲೆ ಮತ್ತೊಂದು ಬಣ್ಣ. ಮೂರು ವರ್ಷದ ಹಿಂದೆ ಇದನ್ನೆಲ್ಲ ಕೆರೆದು ನುಣುಪು ಮಾಡಿಸಲು ಹೊರಟೆವು. ಎರಡು ದಿನದ ಕೆಲಸ ಅಂದುಕೊಂಡಿದ್ದೆ. ಮುಗಿದದ್ದು ಒಂದು ಮಳೆಗಾಲ ಕಳೆದ ಮೇಲೆ.

ತಪ್ಪು ಏನೆಂದರೆ, ನಾವು ಸೀಲಿಂಗನ್ನು ಸರಿಯಾಗಿ ನೋಡದೆ ಕೆರೆಯಲು ಶುರು ಮಾಡಿದ್ದೆವು. ನುಣುಪು ಸೀಲಿಂಗಿನಲ್ಲಿ ಕೂದಲೆಳೆಯ ಬಿರುಕೂ ಕಣ್ಣಿಗೆ ಬೀಳುತ್ತದೆ. ಕಾಳುಕಾಳು ಸೀಲಿಂಗಿನಲ್ಲಿ ಅದೇ ಬಿರುಕು ವರ್ಷಗಟ್ಟಲೆ ಕಾಣಿಸುವುದಿಲ್ಲ. ತೇವ, ಉಬ್ಬು, ತುಕ್ಕು ಎಲ್ಲವೂ ಆ ಕಾಳಿನ ಸಂದಿಯಲ್ಲಿ ಅಡಗಿರುತ್ತವೆ. ಹಾಗಾಗಿ ಮೊದಲು ಲಕ್ಷಣ ನೋಡಿ, ಕಾರಣ ಹುಡುಕಿ. ಕೆರೆಯುವುದು ಆಮೇಲೆ.

ಯಾವಾಗ ನೋಡಬೇಕು, ಏನೇನು ಬೇಕು

ನೋಡುವುದು ಮಳೆಗಾಲದಲ್ಲಿ, ಕೆರೆಯುವುದು ಬೇಸಿಗೆಯಲ್ಲಿ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ. ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಸೀಲಿಂಗಿನ ಕಲೆಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ, ಒಂದು ಫೋಟೊ ತೆಗೆದಿಡಿ. ವಾರ ಬಿಟ್ಟು ನೋಡಿದರೆ ಕಲೆ ಗೆರೆ ದಾಟಿದೆಯೋ ಇಲ್ಲವೋ ಗೊತ್ತಾಗುತ್ತದೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಆದರೆ ಆಮೇಲೆ ಇಂಜಿನಿಯರ್ ಬಂದಾಗ ಅವರು ಮೊದಲು ಕೇಳುವುದು ಇದನ್ನೇ.

ಬೇಕಾದ ಸಾಮಾನು: ಟಾರ್ಚ್, ಪೆನ್ಸಿಲ್, ಗಿಡಕ್ಕೆ ನೀರು ಹೊಡೆಯುವ ಸ್ಪ್ರೇ ಬಾಟಲಿ, ಒಂದು ಮರದ ಕೋಲು. ರಾತ್ರಿ ದೀಪ ಆರಿಸಿ ಟಾರ್ಚನ್ನು ಸೀಲಿಂಗಿಗೆ ತಾಗಿಸಿದ ಹಾಗೆ ಅಡ್ಡ ಹಿಡಿಯಿರಿ. ಹಗಲಿನಲ್ಲಿ ಕಾಣದ ಉಬ್ಬು ಆಗ ನೆರಳು ಬೀರಿ ಎದ್ದು ಕಾಣುತ್ತದೆ. ನಮ್ಮ ಮನೆಯಲ್ಲಿ ಫ್ಯಾನಿನಿಂದ ಎರಡಡಿ ಆಚೆಗೆ ಒಂದು ಉದ್ದ ನೆರಳು ಬಿದ್ದಿತ್ತು. ನಾನು ಅದನ್ನು ಸಾರಣೆಯ ಅಂಕುಡೊಂಕು ಅಂದುಕೊಂಡಿದ್ದೆ. ಅದರ ಕತೆ ಮುಂದೆ ಹೇಳುತ್ತೇನೆ.

"ಕಾಳು ಯಾವುದರದ್ದು ಅಂತಲೇ ಗೊತ್ತಿಲ್ಲ"

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ್ದು ಇದು. ಫ್ಯಾನಿನ ತಟ್ಟೆಯ ಹತ್ತಿರವೋ ಮೂಲೆಯಲ್ಲೋ ಅಂಗೈ ಅಗಲದ ಜಾಗ ಆರಿಸಿಕೊಳ್ಳಿ. ಆ ರೂಮಿನ ಮೇನ್ ಸ್ವಿಚ್ ಆಫ್ ಮಾಡಿ. ಒಣ ಬೆರಳಿನಿಂದ ಒಮ್ಮೆ ಮೆಲ್ಲಗೆ ಉಜ್ಜಿ. ಆಮೇಲೆ ನೀರು ಸಿಂಪಡಿಸಿ ಹದಿನೈದು ನಿಮಿಷ ಬಿಡಿ.

ಬೆರಳಿಗೆ ಸೀಮೆಸುಣ್ಣದಂಥ ಪುಡಿ ಹತ್ತಿದರೆ ಮೇಲಿರುವುದು ಸುಣ್ಣ ಅಥವಾ ಹಳೆಯ ಡಿಸ್ಟೆಂಪರ್. ನೀರು ಕುಡಿದು ಮೆತ್ತಗಾಗಿ, ಉಗುರು ಒತ್ತಿದರೆ ಗುರುತು ಬಿದ್ದರೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್). ನೀರು ಹನಿಹನಿಯಾಗಿ ನಿಂತು ಒಳಗೆ ಇಳಿಯದಿದ್ದರೆ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಅಥವಾ ಟೆಕ್ಸ್ಚರ್ ಬಣ್ಣ ಇದೆ. ನೀರು ಕುಡಿದರೂ ಕಲ್ಲಿನ ಹಾಗೆ ಗಟ್ಟಿಯಾಗಿಯೇ ಇದ್ದರೆ, ಬೂದು ಬಣ್ಣದ ಹೊಯ್ಗೆ (ಮರಳು) ಕಣ್ಣಿಗೆ ಬಿದ್ದರೆ, ಅದು ಸಿಮೆಂಟಿನ ಕೆಲಸ. ಒಂದೊಂದಕ್ಕೂ ಕೆರೆಯುವ ದಾರಿ ಬೇರೆ.

ಇನ್ನೊಂದು ಜಾತಿ ಇದೆ. ಸೀಲಿಂಗಿನಲ್ಲಿ ಚೌಕ ಚೌಕ ಜೋಡಣೆಯ ಗೆರೆಗಳು, ಅದರ ಮೇಲೆ ಮರದ ಪಟ್ಟಿ, ತಟ್ಟಿದರೆ ಗಡುಸಾದ ಟಕ್ ಟಕ್ ಸದ್ದು. ಇದು ಸಿಮೆಂಟ್ ಶೀಟ್. ಹಳೆಯ ಶೀಟಾದರೆ ಒಳಗೆ ಆಸ್ಬೆಸ್ಟಾಸ್ ಇದೆ ಎಂದೇ ತಿಳಿದು ನಡೆಯಬೇಕು. ಇದಕ್ಕೆ ಉಜ್ಜುವ, ಕೆರೆಯುವ ಪರೀಕ್ಷೆ ಬೇಡವೇ ಬೇಡ. ಕಣ್ಣಿನಲ್ಲಿ ನೋಡಿ ಯಾವ ಮೇಸ್ತ್ರಿಯೂ ಇದೆ, ಇಲ್ಲ ಎಂದು ಹೇಳಲಾರ. ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ನೋಡಿಯೇ ಹೇಳಬೇಕು. ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಉಳಿಯುತ್ತದೆ, ಕಾಯಿಲೆ ಕಾಣಿಸಿಕೊಳ್ಳುವುದು ಇಪ್ಪತ್ತು, ಮೂವತ್ತು ವರ್ಷ ಕಳೆದ ಮೇಲೆ. ಎಲ್ಲ ಬಗೆಯ ಆಸ್ಬೆಸ್ಟಾಸೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಶೀಟ್ ಒಡೆದಿಲ್ಲ, ಪುಡಿ ಉದುರುತ್ತಿಲ್ಲ ಎಂದಾದರೆ ಅದನ್ನು ಹಾಗೆಯೇ ಬಿಟ್ಟು ಮೇಲೆ ಬಣ್ಣ ಬಳಿಯುವುದೇ ಕ್ಷೇಮ. ಡ್ರಿಲ್ ಹಾಕಬೇಡಿ, ಎಮರಿ ಪೇಪರ್ ಉಜ್ಜಬೇಡಿ. ತೆಗೆಯಲೇಬೇಕಾದರೆ ಅನುಭವ ಇರುವವರನ್ನು ಹುಡುಕಿ. ಕಸ ಎಲ್ಲಿಗೆ ಕೊಡಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಅಮೆರಿಕದ ಮನೆಗಳ ವಿಡಿಯೊ ನೋಡಿ ನಮ್ಮ ಸೀಲಿಂಗಿಗೂ ಹಾಗೇ ಮಾಡೋಣ ಎನ್ನುವವರಿಗೆ ಒಂದು ಮಾತು. ಅಲ್ಲಿನ ಪಾಪ್‌ಕಾರ್ನ್ ಸೀಲಿಂಗ್ ಸ್ಪ್ರೇ ಮಾಡಿದ ಹಗುರ ಪದರ. ಹಳೆಯದರಲ್ಲಿ ಆಸ್ಬೆಸ್ಟಾಸ್ ಬೆರೆಸುತ್ತಿದ್ದರು. ಅಲಂಕಾರಕ್ಕೆ ಅಂಥದ್ದನ್ನು ಸ್ಪ್ರೇ ಮಾಡುವುದನ್ನು ಅಲ್ಲಿ 1978ರಲ್ಲಿ ನಿಷೇಧಿಸಿದರು. ಆ ಪದರಕ್ಕೆ ಬಣ್ಣ ಬಳಿದಿಲ್ಲದಿದ್ದರೆ ನೀರು ಹೊಡೆದರೆ ದೋಸೆ ಎಬ್ಬಿಸಿದ ಹಾಗೆ ಎದ್ದು ಬರುತ್ತದೆ. ನಮ್ಮಲ್ಲಿ ಹೆಚ್ಚಾಗಿ ಇರುವುದು ಕಾಂಕ್ರೀಟ್ ಸ್ಲ್ಯಾಬಿಗೆ ಅಂಟಿದ ಸಿಮೆಂಟ್ ಸಾರಣೆ. ಅದು ಹಾಗೆ ಏಳುವುದಿಲ್ಲ.

"ಬೆಳಿಗ್ಗೆ ಗುಡಿಸಿದರೆ ಸಂಜೆಗೆ ಮತ್ತೆ ಪುಡಿ"

ಬಿಳಿ ಪುಡಿ ಇಡೀ ರೂಮಿನಲ್ಲಿ ಸಮನಾಗಿ ಬೀಳುತ್ತಿದ್ದರೆ ಹೆದರಬೇಕಾಗಿಲ್ಲ. ಸುಣ್ಣಕ್ಕೆ ವಯಸ್ಸಾಗಿದೆ, ಅಷ್ಟೇ. ನೀರು ಹೊಡೆದು ಒದ್ದೆ ಮಾಡಿ ಬ್ಲೇಡಿನಲ್ಲಿ ಕೆರೆದರೆ ಬರುತ್ತದೆ. ಒಂದೇ ಜಾಗದಲ್ಲಿ ಹೊಯ್ಗೆ ಬೀಳುತ್ತಿದ್ದರೆ ಅಲ್ಲಿನ ಸಾರಣೆ ಸ್ಲ್ಯಾಬನ್ನು ಬಿಡುತ್ತಿದೆ ಎಂದರ್ಥ. ಕೆಳಗಿನ "ಟೊಳ್ಳು ಸದ್ದು" ಭಾಗ ಓದಿ. ಹಂಚಿನ ಮನೆಯ ಮುಚ್ಚಿಗೆಯಿಂದ ಮರದ ಹುಡಿ ಬೀಳುತ್ತಿದ್ದರೆ ಅದು ಒರಲೆಯದೋ ಹುಳದ್ದೋ ಕೆಲಸ. ಅಲ್ಲಿ ಕೆರೆಯಲು ಏನೂ ಇಲ್ಲ, ಮರದ ಕೆಲಸದವರಿಗೆ ತೋರಿಸಿ.

"ಕಂದು ಬಣ್ಣದ ಕಲೆ, ಚಹಾ ಚೆಲ್ಲಿದ ಹಾಗೆ"

ಕಲೆ ಎಂದರೆ ನೀರು. ಯಾವ ನೀರು ಎಂಬುದನ್ನು ಹೊತ್ತು ನೋಡಿ ಹೇಳಬಹುದು.

ಜೋರು ಮಳೆ ಬಂದು ಒಂದೆರಡು ಗಂಟೆಯಲ್ಲೇ ಕಲೆ ಒದ್ದೆಯಾದರೆ ತಾರಸಿಯಿಂದ ನೇರ ದಾರಿ ಇದೆ. ಬಿರುಕು, ನೀರು ಹೋಗುವ ಪೈಪಿನ ಬುಡ, ಕಟ್ಟೆಗೋಡೆ ತಾರಸಿಗೆ ಸೇರುವ ಮೂಲೆ, ಈ ಮೂರನ್ನು ಮೊದಲು ನೋಡಿ. ಮಳೆ ನಿಂತು ಎರಡು ದಿನದ ಮೇಲೂ ಕಲೆ ದೊಡ್ಡದಾಗುತ್ತಿದ್ದರೆ ತಾರಸಿಯ ಮೇಲಿನ ಪದರದೊಳಗೆ ನೀರು ನಿಂತು ಮೆಲ್ಲಗೆ ಇಳಿಯುತ್ತಿದೆ. ಮಾರ್ಚ್ ತಿಂಗಳಲ್ಲೂ ಒದ್ದೆ ಎಂದಾದರೆ ಅದಕ್ಕೂ ಮಳೆಗೂ ಸಂಬಂಧವೇ ಇಲ್ಲ. ಅದು ಪೈಪು, ಟ್ಯಾಂಕು ಅಥವಾ ಮೇಲಿನ ಬಚ್ಚಲು. ಸ್ನಾನ ಆದ ಮೇಲೆ ಮಾತ್ರ ಒದ್ದೆಯಾದರೆ ಬಚ್ಚಲ ನೀರು ಹೋಗುವ ಪೈಪು. ಯಾವಾಗಲೂ ಒದ್ದೆಯಿದ್ದರೆ ನೀರು ಬರುವ ಪೈಪು. ನಳ್ಳಿ ನೀರಿನ ಮನೆಯಾದರೆ ಎಲ್ಲಾ ನಳ್ಳಿ ಮುಚ್ಚಿ ಮೀಟರ್ ಓಡುತ್ತಿದೆಯೇ ನೋಡಿ. ಬಾವಿ, ಪಂಪು ಇರುವ ಮನೆಯಾದರೆ ಮಲಗುವ ಮೊದಲು ಟ್ಯಾಂಕಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ಎದ್ದು ಯಾರೂ ನೀರು ಮುಟ್ಟುವ ಮೊದಲು ನೋಡಿ.

"ನಮ್ಮ ತಾರಸಿಗೆ ಶೀಟ್ ಹಾಕಿಸಿದ್ದೇವಲ್ಲ, ನೀರು ಹೇಗೆ ಬರುತ್ತದೆ?" ಎಂದು ಕೇಳುವವರು ಬಹಳ. ಶೀಟ್ ಮೇಲಿನ ಮಳೆ ತಡೆಯುತ್ತದೆ, ಗಾಳಿಗೆ ಅಡ್ಡ ಹೊಡೆಯುವ ಎರಚಲು ತಡೆಯುವುದಿಲ್ಲ. ಶೀಟ್ ಹಾಕಿದ ಮೇಲೆ ನಾವು ತಾರಸಿ ಗುಡಿಸುವುದನ್ನೂ ಬಿಡುತ್ತೇವೆ. ಮಾವಿನ ಎಲೆ, ಹಲಸಿನ ಎಲೆ ಬಂದು ಪೈಪಿನ ಬಾಯಿಗೆ ಕೂರುತ್ತದೆ. ಕೈ ಹಾಕಿ ಎಲೆ ತೆಗೆದದ್ದಕ್ಕೇ ಸೋರಿಕೆ ನಿಂತ ಮನೆಗಳಿವೆ.

ಕಲೆ ಇಲ್ಲ, ಬರೀ ತಂಪು ತೇವ ಎನಿಸಿದರೆ ಪ್ಲಾಸ್ಟಿಕ್ ಹಾಳೆಯ ತುಂಡನ್ನು ನಾಲ್ಕೂ ಕಡೆ ಟೇಪ್ ಹಾಕಿ ಸೀಲಿಂಗಿಗೆ ಅಂಟಿಸಿ ಒಂದು ದಿನ ಬಿಡಿ. ಸೀಲಿಂಗಿಗೆ ತಾಗಿದ ಮೈ ಒದ್ದೆಯಾದರೆ ತೇವ ಸ್ಲ್ಯಾಬಿನೊಳಗಿಂದ ಬರುತ್ತಿದೆ. ರೂಮಿನ ಕಡೆಯ ಮೈ ಒದ್ದೆಯಾದರೆ ಅದು ಗಾಳಿಯ ತೇವ, ಕಿಟಕಿ ತೆರೆದಿಡುವುದೇ ಅದಕ್ಕೆ ಮದ್ದು.

ಇಷ್ಟಕ್ಕೂ ಗೊತ್ತಾಗದಿದ್ದರೆ ತಾರಸಿಯ ಪೈಪು ಮುಚ್ಚಿ ಒಂದು ಇಂಚು ನೀರು ನಿಲ್ಲಿಸಿ 24 ಗಂಟೆ ಕಾಯುವ ಕ್ರಮ ಇದೆ. ಆದರೆ ಸೀಲಿಂಗಿನಲ್ಲಿ ಉಬ್ಬು, ತುಕ್ಕಿನ ಬಣ್ಣ, ಉದ್ದ ಬಿರುಕು, ಯಾವುದಾದರೂ ಒಂದು ಇದ್ದರೂ ಈ ಪರೀಕ್ಷೆ ಮಾಡಬೇಡಿ. ಸೋತ ಸ್ಲ್ಯಾಬಿನ ಮೇಲೆ ನೀರಿನ ಭಾರ ಹೇರಬಾರದು. ಸೋರಿಕೆ ನಿಲ್ಲುವವರೆಗೆ ಕೆಳಗೆ ಕೆರೆಯುವುದಕ್ಕೆ ಅರ್ಥವಿಲ್ಲ.

"ಮೂಲೆಯಲ್ಲಿ ಕರಿ ಚುಕ್ಕಿ"

ಬೂಷ್ಟು. ಅಟ್ಟದ ಕೆಳಗೆ, ಕಪಾಟಿನ ಮೇಲೆ, ಬಚ್ಚಲ ಪಕ್ಕದ ಮೂಲೆಯಲ್ಲಿ ಗಾಳಿ ಆಡದೆ ಬರುತ್ತದೆ. ಒಣಗಿದ ಬೂಷ್ಟನ್ನು ಬ್ರಷ್ ಹಾಕಿ ಉಜ್ಜಿದರೆ ಮನೆಯೆಲ್ಲ ಹಾರುತ್ತದೆ. ದಮ್ಮು, ಉಬ್ಬಸ ಇರುವವರನ್ನು ಆಚೆ ಕಳಿಸಿ. ಮಾಸ್ಕ್ ಹಾಕಿಕೊಂಡು ಸೋಪು ನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಬ್ಲೀಚ್ ಬಳಸುವುದಾದರೆ ಅದಕ್ಕೆ ಆ್ಯಸಿಡ್, ಫಿನಾಯಿಲ್ ಏನನ್ನೂ ಬೆರೆಸಬೇಡಿ, ವಿಷದ ಗಾಳಿ ಏಳಬಹುದು.

"ತಟ್ಟಿದರೆ ಟೊಳ್ಳು ಸದ್ದು"

ಮರದ ಕೋಲಿನಿಂದ ಅಡಿಗೊಂದರಂತೆ ಮೆಲ್ಲಗೆ ತಟ್ಟುತ್ತಾ ಹೋಗಿ. ನೇರ ಕೆಳಗೆ ನಿಲ್ಲಬೇಡಿ, ಒಂದು ಹೆಜ್ಜೆ ಪಕ್ಕಕ್ಕಿರಿ. ಕನ್ನಡಕ, ಹೆಲ್ಮೆಟ್ ಇರಲಿ. ಗಟ್ಟಿ ಸ್ಲ್ಯಾಬ್ ಟಣ್ ಎನ್ನುತ್ತದೆ. ಬಿಟ್ಟುಕೊಂಡ ಸಾರಣೆ ಹಣ್ಣಾದ ಹಲಸಿನಕಾಯಿ ತಟ್ಟಿದ ಹಾಗೆ ಡಬ್ ಎನ್ನುತ್ತದೆ. ಟೊಳ್ಳು ಇರುವಲ್ಲೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿ.

ಅಂಗೈ ಅಗಲದ ಒಂದೆರಡು ಟೊಳ್ಳು ಇದ್ದರೆ ಮೇಸ್ತ್ರಿ ಅಷ್ಟನ್ನು ಉದುರಿಸಿ ಮತ್ತೆ ಸಾರಣೆ ಮಾಡಿದರೆ ಮುಗಿಯಿತು. ಮೊರದಷ್ಟು ಅಗಲ ಇದ್ದರೆ, ಅಥವಾ ಉಬ್ಬು ಕೆಳಗೆ ಜೋತಿದ್ದರೆ, ಆ ಕೋಣೆಯಲ್ಲಿ ಯಾರೂ ಮಲಗಬೇಡಿ. ಸಾರಣೆ ಹಗುರ ಅಂತ ಅನಿಸುತ್ತದೆ, ಅಲ್ವಾ? ಅರ್ಧ ಇಂಚು ದಪ್ಪದ ಸಿಮೆಂಟ್ ಸಾರಣೆ ಒಂದು ಚದರ ಮೀಟರಿಗೆ 20 ಕಿಲೋಗಿಂತ ಜಾಸ್ತಿ ತೂಗುತ್ತದೆ. ಒದ್ದೆ ಉಬ್ಬನ್ನು ನೀವೇ ಚುಚ್ಚಿ ನೀರು ಬಿಡಲು ಹೋಗಬೇಡಿ.

"ನೇರ ಗೆರೆಯಂಥ ಬಿರುಕು, ತುಕ್ಕಿನ ಬಣ್ಣ"

ಇಲ್ಲಿ ಕೈ ನಿಲ್ಲಿಸಬೇಕು.

ಜೇಡರ ಬಲೆಯಂತೆ ಅಡ್ಡಾದಿಡ್ಡಿ ಹರಡಿದ ಸಣ್ಣ ಬಿರುಕು ಸಾಮಾನ್ಯವಾಗಿ ಸಾರಣೆಯದ್ದು. ಆದರೆ ಗೆರೆ ಎಳೆದಂತೆ ನೇರವಾಗಿ, ಆರೆಂಟು ಇಂಚಿಗೊಂದರಂತೆ ಸಾಲಾಗಿ ಓಡುವ ಬಿರುಕು ಒಳಗಿನ ಕಬ್ಬಿಣದ ಸರಳಿನದ್ದು. ಸರಳು ತುಕ್ಕು ಹಿಡಿದರೆ ಮೊದಲಿದ್ದದ್ದಕ್ಕಿಂತ ಎಷ್ಟೋ ಪಟ್ಟು ಜಾಗ ಬೇಡುತ್ತದೆ. ಜಾಗ ಸಿಗದೆ ಕಾಂಕ್ರೀಟನ್ನು ಕೆಳಕ್ಕೆ ಒಡೆದು ತಳ್ಳುತ್ತದೆ. ಟಾರ್ಚ್ ಹಿಡಿದಾಗ ನಮ್ಮ ಚಾವಡಿಯಲ್ಲಿ ಬಿದ್ದ ಉದ್ದ ನೆರಳು ಇದೇ ಆಗಿತ್ತು.

ಮೇಸ್ತ್ರಿ ಅಲ್ಲಿ ಎರಡು ಸಲ ಬ್ಲೇಡ್ ಆಡಿಸಿದ್ದಷ್ಟೇ. ತಟ್ಟೆಯಗಲದ ಚಕ್ಕೆ ತಾನಾಗಿ ಕೆಳಗೆ ಬಿತ್ತು. ಒಳಗೆ ಸರಳು ಕಾಣಿಸಿತು. ಅವರು ಮೊಳೆಯ ತುದಿಯಿಂದ ಕೆದಕಿದರು. ತುಕ್ಕು ಪತ್ರೊಡೆಯ ಸುತ್ತು ಬಿಡಿಸಿದ ಹಾಗೆ ಪದರ ಪದರವಾಗಿ ಎದ್ದು ಬಂತು. ಬೆರಳು ದಪ್ಪ ಕಂಡ ಸರಳಿನೊಳಗೆ ಗಟ್ಟಿ ಕಬ್ಬಿಣ ಉಳಿದದ್ದು ಪೆನ್ಸಿಲಿನಷ್ಟು. ಅವರು ಏಣಿ ಇಳಿದು, ಬ್ಲೇಡ್ ಚೀಲಕ್ಕೆ ಹಾಕಿ, "ಅಕ್ಕ, ಇದು ಪೈಂಟಿನ ಕೆಲಸ ಅಲ್ಲ. ಮೊದಲು ಇಂಜಿನಿಯರಿಗೆ ತೋರಿಸಿ, ಮತ್ತೆ ನಾನು ಕೆರೆಯುವುದು" ಎಂದರು. ಪುಟ್ಟಿ ಮೆತ್ತಿ ಬಣ್ಣ ಹೊಡೆದು ದುಡ್ಡು ತೆಗೆದುಕೊಂಡು ಹೋಗಬಹುದಿತ್ತು. ಹೋಗಲಿಲ್ಲ. ಆ ಮಾತನ್ನು ನಾನು ಮರೆಯುವುದಿಲ್ಲ.

ಕಡಲ ಬದಿಯಲ್ಲಿ ಇದು ಜಾಸ್ತಿ. ಉಪ್ಪುಗಾಳಿಯ ಕ್ಲೋರೈಡ್ ಕಾಂಕ್ರೀಟಿನೊಳಗೆ ಇಳಿದು ಸರಳಿಗೆ ಮುಟ್ಟುತ್ತದೆ. ಕಟ್ಟುವಾಗ ಉಪ್ಪು ಹೊಯ್ಗೆ, ಉಪ್ಪು ನೀರು ಬಳಸಿದ್ದರೆ ಒಳಗೇ ಬಿತ್ತಿದ ಹಾಗಾಯಿತು. ಸರಳಿನ ಕೆಳಗಿರುವ ಕಾಂಕ್ರೀಟಿನ ದಪ್ಪವೇ ಅದಕ್ಕೆ ಕಾವಲು. ಕಾಂಕ್ರೀಟ್ ಕೆಲಸಕ್ಕೆ ಇರುವ ಭಾರತೀಯ ಮಾನಕ ಐಎಸ್ 456ರ 1978ರ ನಿಯಮದಲ್ಲಿ ಸ್ಲ್ಯಾಬಿಗೆ ಕನಿಷ್ಠ 15 ಮಿಲಿಮೀಟರ್ ಸಾಕಿತ್ತು. 2000ದ ನಿಯಮದಲ್ಲಿ ಕರಾವಳಿಯ ಗಾಳಿಗೆ ತೆರೆದುಕೊಂಡ ಕಾಂಕ್ರೀಟಿಗೆ 45 ಮಿಲಿಮೀಟರ್ ಬೇಕು ಎಂದರು. ಹಳೆಯ ಮನೆಗಳ ಕಾವಲು ಎಷ್ಟು ತೆಳು ಎಂದು ಇದರಲ್ಲೇ ಗೊತ್ತಾಗುತ್ತದೆ.

ಇಂಥ ಬಿರುಕು ಕಂಡರೆ ಕೆಳಗಿನ ಜಾಗ ಖಾಲಿ ಮಾಡಿ. ಫ್ಯಾನ್ ಹಾಕಬೇಡಿ. ಅದರ ಮೇಲಿನ ತಾರಸಿಯಲ್ಲಿ ಟ್ಯಾಂಕ್, ಕಟ್ಟಿಗೆ ರಾಶಿ, ಹೆಂಚಿನ ರಾಶಿ ಇದ್ದರೆ ಆ ಭಾರ ಇಳಿಸಬೇಕು, ಆದರೆ ಜನ ಒಟ್ಟಾಗಿ ಅಲ್ಲೇ ನಿಂತು ಇಳಿಸಬೇಡಿ. ಕಟ್ಟಡದ ಬಲ ನೋಡುವ ಸ್ಟ್ರಕ್ಚರಲ್ ಇಂಜಿನಿಯರನ್ನೇ ಕರೆಸಿ. ಅವರು ಸುತ್ತಿಗೆಯಲ್ಲಿ ತಟ್ಟಿ ನೋಡುತ್ತಾರೆ, ಬೇಕಾದರೆ ಕಾಂಕ್ರೀಟಿನ ಮಾದರಿ ತೆಗೆದು ಕ್ಲೋರೈಡ್ ಎಷ್ಟಿದೆ ನೋಡಿಸುತ್ತಾರೆ. ಹೊಸದಾಗಿ ಒಡೆದ ಕಾಂಕ್ರೀಟಿಗೆ ಫಿನಾಲ್ಫ್‌ಥಲೀನ್ ಎಂಬ ದ್ರಾವಣ ಹಾಕಿದರೆ ಗುಲಾಬಿ ಬಣ್ಣ ಬಂದಲ್ಲಿ ಸಿಮೆಂಟಿನ ಕ್ಷಾರ ಇನ್ನೂ ಇದೆ, ಬಾರದಲ್ಲಿ ಹೋಗಿದೆ. ಆದರೆ ಗುಲಾಬಿ ಬಂತೆಂದು ನೆಮ್ಮದಿಯಿಂದ ಇರುವ ಹಾಗಿಲ್ಲ, ಉಪ್ಪು ಇದ್ದರೆ ಕ್ಷಾರ ಇದ್ದರೂ ತುಕ್ಕು ಬರುತ್ತದೆ. ರಿಪೇರಿ ಎಂದರೆ ಕೆಳಗೆ ಜಾಕಿ ಕೊಟ್ಟು, ಸಡಿಲ ಕಾಂಕ್ರೀಟ್ ಪೂರ್ತಿ ತೆಗೆದು, ಸರಳಿನ ಹಿಂಬದಿಯವರೆಗೂ ತುಕ್ಕು ಉಜ್ಜಿ, ತೆಳುವಾಗಿದ್ದರೆ ಹೊಸ ಸರಳು ಕೂಡಿಸಿ, ತುಕ್ಕು ತಡೆಯುವ ಲೇಪ ಕೊಟ್ಟು, ಪಾಲಿಮರ್ ಗಾರೆ ತುಂಬುವುದು. ಎಷ್ಟು ಜಾಗ, ಯಾವ ಕ್ರಮ ಎಂಬುದು ಇಂಜಿನಿಯರ್ ಹೇಳಬೇಕಾದ ಮಾತು.

"ಎಷ್ಟು ಕೆರೆದರೂ ಬರುವುದಿಲ್ಲ"

ಬಣ್ಣದ ಪದರ ನೀರನ್ನು ತಡೆಯುತ್ತಿದ್ದರೆ ಬ್ಲೇಡಿನ ಮೂಲೆಯಿಂದ ಗೀರು ಹಾಕಿ ಮತ್ತೆ ನೀರು ಹೊಡೆಯಿರಿ. ಮೂರು ಸಲ ಮಾಡಿದರೂ ಅಲುಗದಿದ್ದರೆ ಅದು ಗಟ್ಟಿಯಾಗಿ ಕೂತಿದೆ ಎಂದರ್ಥ. ಗಟ್ಟಿ ಇರುವುದನ್ನು ಯಾಕೆ ಕೀಳಬೇಕು? ಗ್ರೈಂಡರ್ ಮೆಷಿನ್ ಹಿಡಿಸಬೇಡಿ. ಸಿಮೆಂಟಿನ ಸಣ್ಣ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಸರಳಿನ ತೆಳು ಕಾವಲನ್ನೂ ಮೆಷಿನ್ ತಿನ್ನುತ್ತದೆ. ಚೂಪು ಕಾಳುಗಳನ್ನು ಮಾತ್ರ ಒದ್ದೆ ಮಾಡಿ ತಟ್ಟಿ, ಪ್ರೈಮರ್ ಹೊಡೆದು, ಬಿಳಿ ಸಿಮೆಂಟಿನ ಪುಟ್ಟಿಯಲ್ಲಿ ತಗ್ಗು ತುಂಬಿ ನುಣುಪು ಮಾಡಿ.

ಕೆಳಗೆ ಜಿಪ್ಸಂ ಬೋರ್ಡ್ ಹೊಡೆದು ಮುಚ್ಚಿಬಿಡಿ ಎನ್ನುವವರೂ ಇದ್ದಾರೆ. ನಮ್ಮ ಊರಿಗೆ ನನಗೆ ಅದು ಇಷ್ಟವಿಲ್ಲ. ಮೇಲೆ ಸೋರಿದರೂ ತುಕ್ಕು ಹಿಡಿದರೂ ಕಣ್ಣಿಗೆ ಬೀಳುವುದೇ ಇಲ್ಲ.

ಕೆರೆಯುವ ದಿನದ ಎಚ್ಚರ

ನೀರೂ ಕರೆಂಟೂ ಒಟ್ಟಿಗೆ ಇರುವ ಕೆಲಸ ಇದು. ಮೇನ್ ಆಫ್ ಮಾಡಿ, ಫ್ಯಾನ್, ಲೈಟ್ ಇಳಿಸಿ, ವಯರಿನ ತುದಿಗೆ ಟೇಪ್ ಸುತ್ತಿ. ಬೆಳಕಿಗೆ ಬೇರೆ ರೂಮಿನಿಂದ ವಯರ್ ಎಳೆಯಬೇಡಿ, ಹಗಲಲ್ಲೇ ಮುಗಿಸಿ. ಏಣಿಯ ಮೇಲೆ ನಿಂತು ಕುತ್ತಿಗೆ ಮೇಲೆತ್ತಿ ಕೆಲಸ ಮಾಡಿದರೆ ತಲೆ ಸುತ್ತುತ್ತದೆ. ಗಟ್ಟಿ ಮೇಜುಗಳ ಮೇಲೆ ಅಗಲ ಹಲಗೆ ಕಟ್ಟಿಕೊಳ್ಳಿ. ನೆಲಕ್ಕೆ ತಾರ್ಪಾಲ್ ಹಾಸಿ, ಬಾಗಿಲಿಗೆ ಒದ್ದೆ ಬಟ್ಟೆ ಕೊಡಿ, ಎನ್95 ಮಾಸ್ಕ್ ಹಾಕಿ. ಇದು ಸುಣ್ಣ, ಸಿಮೆಂಟಿನ ಧೂಳಿಗೆ ಆದೀತು, ಆಸ್ಬೆಸ್ಟಾಸಿಗೆ ಸಾಲದು.

ಅಡುಗೆಮನೆಯ ಸೀಲಿಂಗಿಗೆ ಹಳೆಯ ಆಯಿಲ್ ಪೇಂಟ್ ಇದ್ದರೆ ಒಣ ಎಮರಿ ಪೇಪರ್ ಬೇಡ. ಮನೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಮೊದಲಿನ ಬಣ್ಣದಲ್ಲಿ ಸೀಸ ಎಷ್ಟಿದೆಯೋ ಹೇಳುವ ಹಾಗಿಲ್ಲ. ಸಣ್ಣ ಮಕ್ಕಳು, ಬಸುರಿಯರು ಕೆಲಸ ಮುಗಿದು ಒದ್ದೆ ಬಟ್ಟೆಯಲ್ಲಿ ಒರೆಸುವವರೆಗೆ ಆ ಮನೆಯಲ್ಲಿ ಇರುವುದು ಬೇಡ.

"ಹೊಸ ಬಣ್ಣ ಹಪ್ಪಳದ ಹಾಗೆ ಏಳುತ್ತಿದೆ"

ಎದ್ದ ತುಂಡನ್ನು ಕಿತ್ತು ಹಿಂಬದಿ ನೋಡಿ. ಬಿಳಿ ಪುಡಿ ಅಂಟಿದ್ದರೆ ಹಳೆಯ ಸುಣ್ಣ ಪೂರ್ತಿ ತೆಗೆಯದೆ ಪುಟ್ಟಿ ಹಾಕಿದ್ದಾರೆ. ಒದ್ದೆ ಇದ್ದರೆ ಸ್ಲ್ಯಾಬ್ ಒಣಗುವ ಮೊದಲೇ ಹಾಕಿದ್ದಾರೆ, ಇಲ್ಲವೇ ಸೋರಿಕೆ ನಿಂತಿಲ್ಲ. ಹತ್ತಿಯಂಥ ಬಿಳಿ ಹರಳು ಇದ್ದರೆ ಅದು ನೀರಿನ ಜೊತೆ ಹೊರಬಂದ ಉಪ್ಪು. ಅದನ್ನು ಒಣ ಬ್ರಷ್‌ನಿಂದ ತೆಗೆಯಿರಿ, ತೊಳೆದರೆ ಮತ್ತೆ ಒಳಗೆ ಇಳಿಯುತ್ತದೆ.

ನಮ್ಮ ಮನೆಯಲ್ಲಿ ಸ್ಲ್ಯಾಬ್ ರಿಪೇರಿ ಆದ ಮೇಲೆ ಇಡೀ ಚಾವಡಿಗೆ ಬಣ್ಣ ಹೊಡೆಸಲಿಲ್ಲ. ಮೂಲೆಯ ಒಂದು ಚದರಡಿಗೆ ಮಾತ್ರ ಪ್ರೈಮರ್, ಪುಟ್ಟಿ, ಬಣ್ಣ ಕೊಟ್ಟು, ಸುತ್ತ ಪೆನ್ಸಿಲ್ ಗೆರೆ ಹಾಕಿ ಜೂನಿನ ತಾರೀಕು ಬರೆದಿಟ್ಟೆವು. ಆಟಿಯ ಮಳೆಗೂ ಅದು ಒಣಗಿಯೇ ಇತ್ತು. ದೀಪಾವಳಿ ಕಳೆದ ವಾರ ಅದೇ ಮೇಸ್ತ್ರಿಗೆ ಫೋನ್ ಮಾಡಿದೆ.